ನಾನು ಹೋಗದ ಕನ್ಯಾಕುಮಾರಿ

ನಾನು ಕನ್ಯಾಕುಮಾರಿಗೆ ಹೋಗಿಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಯಾಕೆ ಹೇಳಬೇಕು ಎಂದು ನಿಮಗನ್ನಿಸಬಹುದು. ಕನ್ಯಾಕುಮಾರಿಗೆ ಹೋಗದವರು ನಮ್ಮ ಜಯನಗರದಲ್ಲಿ ಬೀದಿಬೀದಿಗೂ ಇದ್ದಾರೆ. ಅವರು ಯಾರೂ ಅದರ ಬಗ್ಗೆ ಕೂತು ಬರೆಯುವುದಿಲ್ಲ. ಆದರೆ ಅವರನ್ನು ಹೋಗಿಬಂದವರೆಂದು ಯಾರೂ ಹೊಗಳುವುದೂ ಇಲ್ಲ. ನನ್ನ ಕಷ್ಟ ಅದು. ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಸುಮಿತ್ರೆ ಅವರನ್ನು ಹಜಾರದಲ್ಲಿ ಕೂರಿಸಿ, ಕಾಫಿ ಕೊಟ್ಟು, ಅಡಿಗೆಮನೆ ಬಾಗಿಲ ಮೇಲಿನ ಫೋಟೋ ಕಡೆ ಕೈ ತೋರಿಸುತ್ತಾಳೆ. "ಇವರು ಮೋಟರ್ ಸೈಕಲ್ಲಲ್ಲಿ ಕನ್ಯಾಕುಮಾರಿಗೆ ಹೋಗಿದ್ರು, ಒಬ್ಬರೇ." ಬಂದವರು ಮೊದಲು ಫೋಟೋ ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ. ಎರಡಕ್ಕೂ ಹೊಂದಾಣಿಕೆ ಆಗದೆ ಕಾಫಿ ಕುಡಿಯುತ್ತಾರೆ.

ಫೋಟೋದಲ್ಲಿ ನಾನು ಇದ್ದೇನೆ, ಸುಳ್ಳಲ್ಲ. ಕಪ್ಪು ಕನ್ನಡಕ, ಕುತ್ತಿಗೆಗೆ ಚೌಕುಳಿ ಕರ್ಚೀಪು, ಕೆಳಗೆ ನನ್ನ ಗಾಡಿ, ಗಾಡಿಯ ಎರಡು ಪಕ್ಕಕ್ಕೆ ಖಾಕಿ ಕ್ಯಾನ್ವಾಸಿನ ಚೀಲಗಳು. ಹಿಂದೆ ಫ್ರೇಮಿನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೀರು. ನೀರಿನ ನಡುವೆ, ನನ್ನ ಎಡ ಭುಜದ ಹತ್ತಿರ, ಒಂದು ಕಪ್ಪು ಬಂಡೆ. ದೇವಿ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದ ಬಂಡೆ ಅದೇ ಎಂದು ನನ್ನ ಅಮ್ಮ ನಂಬಿದ್ದಾಳೆ. ಹಬ್ಬಹರಿದಿನಗಳಲ್ಲಿ ಸ್ಟೂಲು ಹತ್ತಿ, ಗಾಜಿನ ಮೇಲೆ ಆ ಬಂಡೆ ಇರುವಲ್ಲಿಗೆ ಸರಿಯಾಗಿ ಕುಂಕುಮ ಇಡುತ್ತಾಳೆ. ವರ್ಷಗಳ ಕುಂಕುಮ ಅಲ್ಲಿ ಹೆಪ್ಪುಗಟ್ಟಿದೆ.

ಅದು ಬಂಡೆಯಲ್ಲ. ಸಮುದ್ರವೂ ಸಮುದ್ರವಲ್ಲ. ಅದು ಪುಟ್ಟೇನಹಳ್ಳಿ ಕೆರೆ. ಬಂಡೆಯ ಮೇಲಿರಬೇಕಾದ ಸ್ಮಾರಕ ಎಲ್ಲಿ ಹೋಯಿತೆಂದು ಇದುವರೆಗೆ ಯಾರೂ ಕೇಳಿಲ್ಲ.

ಇದನ್ನು ನಾನು ಹೇಳಿಲ್ಲವೆಂದು ತಿಳಿಯಬೇಡಿ. ಅತಿಥಿಗಳ ಎದುರಿಗೇ ಹೇಳಿದ್ದೇನೆ. ಅವರು ನಕ್ಕು, "ಸಾರ್ ಎಷ್ಟು ಸಿಂಪಲ್ ನೋಡಿ" ಎಂದರು. ಅಮ್ಮನಂತೂ ತನ್ನ ಮಗನಿಗೆ ದೊಡ್ಡಸ್ತಿಕೆ ಹೇಳಿಕೊಳ್ಳಲು ಬರುವುದಿಲ್ಲ ಎಂದು ಪಕ್ಕದ ಮನೆಯವರ ಹತ್ತಿರ ಹೆಮ್ಮೆಪಟ್ಟಳು. ಮಾಡಿದ ತಪ್ಪನ್ನು ಇಲ್ಲವೆಂದು ಸಾಧಿಸಲು ವಕೀಲರು ಸಿಗುತ್ತಾರೆ. ಮಾಡದ ಸಾಹಸವನ್ನು ಮಾಡಿಲ್ಲವೆಂದು ಸಾಧಿಸಲು ಈ ಊರಿನಲ್ಲಿ ಯಾರ ಹತ್ತಿರ ಹೋಗಬೇಕು, ನೀವೇ ಹೇಳಿ.

ಇಷ್ಟು ವರ್ಷ ಸಹಿಸಿದೆ. ಹೋದ ಭಾನುವಾರ ಮಾತ್ರ ಸಹಿಸಲಾಗಲಿಲ್ಲ. ಅಂದು ಸುಮಿತ್ರೆ ಹುರುಳಿಕಾಯಿ ಸೋಸುತ್ತಾ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ, ನನ್ನ ಗಾಡಿಯನ್ನು ಶ್ರೀಧರನಿಗೆ ಕೊಟ್ಟುಬಿಡೋಣ ಎಂದಳು. ಶ್ರೀಧರ ಅವಳ ಸೋದರಮಾವನ ಅಳಿಯ. ಅವನಿಗೆ ಜೆ.ಪಿ. ನಗರದಲ್ಲಿ ಮನೆಯಾಗಿದೆ, ಬಸ್ಸು ಸರಿಯಾಗಿಲ್ಲ, ಪಾಪ. ನಮ್ಮದು ಹೇಗೂ ನಿಂತೇ ಇದೆ.

ನಾನು, ಅದರಲ್ಲಿ ಒಂದು ಸಲ ದೂರ ಹೋಗಬೇಕೆಂದಿದ್ದೇನೆ ಎಂದೆ.

"ಹೋಗಿಬಂದ್ರಲ್ಲ ಕನ್ಯಾಕುಮಾರಿಗೆ. ಇನ್ನೆಷ್ಟು ಸಲ ಹೋಗ್ತೀರಿ?"

ನೋಡಿ, ಇಲ್ಲಿಗೆ ಬಂತು. ನಾನು ಸಹಿಸಿಕೊಂಡ ಒಂದು ಸುಳ್ಳು ಬೆಳೆದು ದೊಡ್ಡದಾಗಿ ನನ್ನ ಗಾಡಿಯ ಕೀಲಿಕೈಗೆ ಕೈಹಾಕಿತ್ತು. ಹೋಗದವನಿಗೆ ಹೋಗಬೇಕೆಂಬ ಆಸೆಯಾದರೂ ಉಳಿದಿರುತ್ತದೆ. ಹೋಗಿಬಂದವನೆಂದು ಮೊಹರು ಬಿದ್ದವನಿಗೆ ಅದೂ ಇಲ್ಲ. ಇಂಥ ಅನ್ಯಾಯಕ್ಕೆ ಹೆಸರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಎದ್ದುಹೋಗಿ ಅಂಗಳದಲ್ಲಿ ಗಾಡಿ ಒರೆಸಿದೆ. ಕೋಪ ಬಂದಾಗ ಗಾಡಿ ಒರೆಸುವುದು ನನ್ನ ಅಭ್ಯಾಸ. ನಮ್ಮ ಬೀದಿಯಲ್ಲಿ ಅಷ್ಟು ಹೊಳೆಯುವ ಹಳೇ ಗಾಡಿ ಇನ್ನೊಂದಿಲ್ಲ.

ಒರೆಸುತ್ತಾ ಇದೆಲ್ಲ ಎಲ್ಲಿಂದ ಶುರುವಾಯಿತೆಂದು ಯೋಚಿಸಿದೆ. 'ಹೇಗೂ' ಎಂಬ ಮಾತಿನಿಂದ. ನಮ್ಮ ಮನೆತನದಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋಗುವಂತಿಲ್ಲ. ಚಪ್ಪಲಿ ಮೆಟ್ಟಿದವನ ಕಡೆ ನಾಲ್ಕು ದಿಕ್ಕಿನಿಂದ ಕೂಗು ಬರುತ್ತದೆ. ಹೇಗೂ ಹೋಗ್ತಿದ್ದೀಯಲ್ಲ, ಕೊತ್ತಂಬರಿಸೊಪ್ಪು ತಾ. ಹೇಗೂ ಆ ಕಡೆಯೇ ಅಲ್ಲವಾ, ಈ ಪಾತ್ರೆ ಅವರ ಮನೆಗೆ ಕೊಡು. ಬರಿಗೈಲಿ ಹೋಗಿ ಬರಿಗೈಲಿ ಬರುವವನು ನಮ್ಮವರ ಕಣ್ಣಿಗೆ ಕಳ್ಳನಿಗಿಂತ ಒಂದೇ ಮೆಟ್ಟಿಲು ಮೇಲೆ. ಕಳ್ಳನಾದರೂ ಬರುವಾಗ ಏನಾದರೂ ತರುತ್ತಾನೆ.

ಚಿಕ್ಕಂದಿನಲ್ಲಿ ಬಸವನಗುಡಿಯ ಬಾಡಿಗೆ ಮನೆಯ ಜಗುಲಿಯಲ್ಲಿ ನನಗೊಂದು ಮೋಟರ್ ಸೈಕಲ್ ಇತ್ತು. ಅಡ್ಡ ಮಲಗಿಸಿದ ಒರಳುಕಲ್ಲಿನ ಗುಂಡು ಅದರ ಸೀಟು, ಮಗುಚಿಟ್ಟ ಚೊಂಬು ಅದರ ದೀಪ. ಬಾಯಲ್ಲಿ ಸದ್ದು ಮಾಡುತ್ತಾ ನಾನು ಹಿಮಾಲಯದ ತಿರುವುಗಳಲ್ಲಿ ಓಲುತ್ತಿದ್ದಾಗ ಅಮ್ಮ ಒಳಗಿನಿಂದ, "ಹೇಗೂ ಗಾಡಿ ಓಡಿಸ್ತಿದ್ದೀಯಲ್ಲ, ಹಾಗೇ ಅಂಗಡಿಗೆ ಹೋಗಿ ಬೆಲ್ಲ ತಗೊಂಬಾ" ಎಂದಳು. ನಾನು ಇಳಿದು ನಡೆದುಕೊಂಡು ಹೋಗಿ ಬೆಲ್ಲ ತಂದೆ. ಇದು ನಿಜವಾಗಿ ಹೀಗೇ ನಡೆಯಿತೋ, ಈಗಿನ ಕೋಪಕ್ಕೆ ಬೇಕಾಗಿ ನಾನೇ ಕಟ್ಟಿಕೊಂಡೆನೋ ಪ್ರಮಾಣ ಮಾಡಲಾರೆ. ಬೆಲ್ಲವಲ್ಲದೆ ಸೀಮೆಎಣ್ಣೆ ಇರಬಹುದು. ಒರಳುಕಲ್ಲಿನ ಗುಂಡನ್ನು ಆ ವಯಸ್ಸಿನ ನಾನು ಮಲಗಿಸಿದ್ದು ಹೇಗೆ ಎಂದೂ ನೀವು ಕೇಳಬಹುದು. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದು ಎದುರು ಕೂತರೆ ನಾನು ಅದರ ಜೇಬು ತಡವಿ ನೋಡುತ್ತೇನೆ.

ನಿಜವಾದ ಗಾಡಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಮದುವೆಯಾಗಿ ಜಯನಗರದ ಒಂಬತ್ತನೇ ಬ್ಲಾಕಿಗೆ ಬಂದಿದ್ದೆವು. ಮನೆಯ ಆಚೆ ಇನ್ನೂ ಹೊಲ, ರಾಗಿಗುಡ್ಡದ ಬಂಡೆ, ಸಂಜೆ ನರಿಯ ಕೂಗು. ಸೆಕೆಂಡ್ ಹ್ಯಾಂಡ್ ಗಾಡಿ, ಎರಡು ಸೈಲೆನ್ಸರು, ಸದ್ದು ಮಾಡಿದರೆ ಎದೆಯೊಳಗೆ ಯಾರೋ ಹೆಬ್ಬೆರಳಿನಿಂದ ತಟ್ಟಿದ ಹಾಗೆ. ಅದನ್ನು ನಾನು ತಂದದ್ದು ದೂರ ಹೋಗಲಿಕ್ಕೆ. ಬೀರುವಿನ ಬಾಗಿಲ ಒಳಮೈಗೆ ಇಂಡಿಯಾದ ರಸ್ತೆಗಳ ನಕ್ಷೆ ಅಂಟಿಸಿ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಸುಮಿತ್ರೆ ಆ ಬಾಗಿಲಿಗೆ ತಂತಿ ಕಟ್ಟಿ ಬ್ಲೌಸುಗಳನ್ನು ಒಣಹಾಕಿದಳು. ಎಷ್ಟೋ ಕಾಲ ನಾನು ಮಧ್ಯಪ್ರದೇಶ ನೋಡಬೇಕಾದರೆ ಒಂದು ಹಸಿರು ಬ್ಲೌಸು ಸರಿಸಬೇಕಿತ್ತು.

ಗಾಡಿ ಏನು ಮಾಡಿತು? ಗಿರಣಿಗೆ ಗೋಧಿಡಬ್ಬ ಹೊತ್ತಿತು. ಗ್ಯಾಸ್ ಸಿಲಿಂಡರ್ ಹೊತ್ತಿತು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ತರಕಾರಿ ಹೊತ್ತಿತು. ಶುಕ್ರವಾರ ರಾಹುಕಾಲಕ್ಕೆ ಸರಿಯಾಗಿ ಬೀದಿಯ ಯಾರಾದರೊಬ್ಬ ಹೆಂಗಸನ್ನು ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿಗೆ ಹೊತ್ತಿತು. ಅವರೆಲ್ಲ ಪಕ್ಕಕ್ಕೆ ಕಾಲು ಹಾಕಿ ಕೂತು, ನಿಧಾನ ಕಣಪ್ಪಾ ನಿಧಾನ ಎನ್ನುತ್ತಿದ್ದರು. ಗಾಡಿ ನಿಧಾನವಾಗಿ ಹೋಗಿ ಹೋಗಿ ಅದಕ್ಕೆ ಮೂರನೇ ಗೇರಿನ ಮೇಲೆ ಒಂದು ಗೇರು ಇದೆ ಎಂಬುದೇ ಮರೆತುಹೋಗಿರಬೇಕು. ಮೀಟರಿನ ಪ್ರಕಾರ ನಾನು ಕಾಶ್ಮೀರ ಮುಟ್ಟಿ ವಾಪಸ್ಸು ಬಂದಿದ್ದೇನೆ. ಎಲ್ಲವೂ ಸೌತ್ ಎಂಡ್ ಸರ್ಕಲ್ಲಿಗೂ ಬನಶಂಕರಿಗೂ ನಡುವೆ.

ಆದರೂ ಒಮ್ಮೆ ಹೊರಟೆ. ಕಚೇರಿಯಲ್ಲಿ ರಜೆ ಮಂಜೂರಾಗಿತ್ತು, ಚೀಲಗಳನ್ನು ನಾಲ್ಕನೇ ಬ್ಲಾಕಿನ ದರ್ಜಿಯೊಬ್ಬ ಹೊಲಿದುಕೊಟ್ಟಿದ್ದ. ಅಮ್ಮ ಆಗ ಮೈಸೂರಿನಲ್ಲಿ ನನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಹೋಗುವ ಮೊದಲು ನನ್ನ ಕೈಗೆ ತಿರುಪಿನ ಮುಚ್ಚಳದ ಹಿತ್ತಾಳೆ ಗಿಂಡಿ ಕೊಟ್ಟು, ಹೇಗೂ ಅಲ್ಲಿವರೆಗೂ ಹೋಗ್ತೀಯಲ್ಲ, ಮೂರು ಸಮುದ್ರ ಸೇರುವಲ್ಲಿನ ನೀರು ಇದರಲ್ಲಿ ತಾ ಎಂದಿದ್ದಳು. ಅಮ್ಮ ಸಮುದ್ರ ನೋಡಿದವಳಲ್ಲ. ನಾನು ಗಿಂಡಿಯನ್ನು ಎಡಗಡೆಯ ಚೀಲದಲ್ಲಿ ಹಾಕಿದೆ. ಸುಮಿತ್ರೆ ಬಲಗಡೆಯದರಲ್ಲಿ ಪುಳಿಯೋಗರೆ ಡಬ್ಬಿ ಇಟ್ಟಳು. ಆಮೇಲೆ, ಇನ್ನೇನು ಕಿಕ್ ಹೊಡೆಯಬೇಕು ಎನ್ನುವಾಗ, ಒಂದು ಉಪ್ಪಿನಕಾಯಿ ಜಾಡಿಯನ್ನೂ ಇಟ್ಟಳು. "ಹೇಗೂ ಹೊಸೂರು ರಸ್ತೇಲೇ ಹೋಗ್ತೀರಲ್ಲ, ಬೊಮ್ಮನಹಳ್ಳೀಲಿ ನಮ್ಮ ಮಾವನಿಗೆ ಕೊಟ್ಟು ಹೋಗಿ. ಐದು ನಿಮಿಷದ ಕೆಲಸ."

ಆ ಐದು ನಿಮಿಷ ನನ್ನ ಇಡೀ ರಜೆಯನ್ನು ನುಂಗಿತು.

ಸುಮಿತ್ರೆಯ ಸೋದರಮಾವ ನಂಜುಂಡಯ್ಯನವರು ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಜಾಡಿ ಹಿಡಿದು ನಿಂತಾಗ ಅವರ ಮನೆಯಲ್ಲಿ ಸುಣ್ಣ ಹೊಡೆಯುತ್ತಿದ್ದರು. ಮಗಳು ಶಾರದೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮಾವ ನನ್ನನ್ನು ನೋಡಲಿಲ್ಲ, ಗಾಡಿಯನ್ನು ನೋಡಿದರು. ದೇವರು ಕಳಿಸಿದ ಹಾಗೆ ಬಂದೆ ಎಂದು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ದೇವರ ಮುಂದಿಟ್ಟರು. ನಾನು ಕನ್ಯಾಕುಮಾರಿ ಎಂದೆ. ಅವರು, ಕನ್ಯಾಕುಮಾರಿ ಎಲ್ಲಿಗೂ ಓಡಿಹೋಗುವುದಿಲ್ಲ, ಗಂಡು ಓಡಿಹೋಗುತ್ತಾನೆ ಎಂದರು.

ಕುರ್ಚಿ ತಂದೆ, ಜಮಖಾನೆ ತಂದೆ, ಪುರೋಹಿತರನ್ನು ತಂದೆ. ಪುರೋಹಿತರು ಗಾಡಿಯಿಂದ ಇಳಿದು ಪಂಚಾಂಗ ನೋಡಿ, ನಾಳೆ ಅಮಾವಾಸ್ಯೆ, ನಾಡಿದ್ದು ಬರಲಿ ಎಂದರು. ಅದನ್ನು ತಿಳಿಸಲು ಗಂಡಿನ ಮನೆಗೂ ನಾನೇ ಹೋದೆ, ರಾತ್ರಿಗಳನ್ನು ಮಾವನ ಮನೆಯಲ್ಲೇ ಕಳೆದೆ. ಮಧ್ಯೆ ನನ್ನ ಪುಳಿಯೋಗರೆಯನ್ನು ಸುಣ್ಣ ಹೊಡೆಯುವವರೂ ಮಾವನೂ ಸೇರಿ ತಿಂದರು, ಹುಳಿ ಹದವಾಗಿದೆ ಎಂದು ಹೊಗಳಿದರು. ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ನಾನು ಹೊರಟು ನಿಂತರೆ ಮಾವ ಹ್ಯಾಂಡಲಿಗೆ ಮಲ್ಲಿಗೆ ಹಾರ ಹಾಕಿ, ಗಾಡಿಯನ್ನು ರಂಗೋಲಿಯ ಪಕ್ಕ ನಿಲ್ಲಿಸಿದ್ದರು. "ಬಾಗಿಲಲ್ಲಿ ನಿಂತಿರ್ಲಿ ಕಣಪ್ಪ. ಬಂದೋರಿಗೆ ಒಂದು ಕಳೆ. ನಿನ್ನ ಗಾಡಿಗೇನು ಸವೆದುಹೋಗತ್ತಾ?"

ಸಾವಿರ ಮೈಲಿ ಓಡಬೇಕಾದ ಗಾಡಿ ಬಾಳೆಕಂದಿನ ಹಾಗೆ ಬಾಗಿಲಲ್ಲಿ ನಿಂತಿತು. ಒಪ್ಪಿಗೆಯಾಯಿತು. ಗಂಡಿನ ಹೆಸರು ಶ್ರೀಧರ. ಹೌದು, ಅವನೇ. ನನ್ನ ಸಮುದ್ರವನ್ನು ಕುಡಿದವನಿಗೇ ಈಗ ನನ್ನ ಗಾಡಿಯನ್ನೂ ಕೊಡಬೇಕಂತೆ.

ರಜೆಯ ಕೊನೆಯ ದಿನ ಸಂಜೆ ನಾನು ಬೊಮ್ಮನಹಳ್ಳಿಯಿಂದ ಬಿಡಿಸಿಕೊಂಡೆ. ಹಾಗೇ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಭಾವಮೈದ ರಘು ಇದ್ದ. ಅವನೂ ಆ ಶಾಸ್ತ್ರಕ್ಕೆ ಬಂದಿದ್ದ, ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ಮಣ್ಣುದಾರಿಗಳಲ್ಲಿ ಅಡ್ಡಾದಿಡ್ಡಿ ಓಡಿಸಿ, ದಾರಿ ಮುಗಿದಲ್ಲಿ ನಿಲ್ಲಿಸಿದೆ. ಪುಟ್ಟೇನಹಳ್ಳಿ ಕೆರೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಕೆರೆ ತುಂಬಿ ಏರಿಗೆ ಬಡಿಯುತ್ತಿತ್ತು. ಬಿಸಿಲು ನೀರಿಗೆ ಇಳಿದಿತ್ತು. ಒಂದು ಎಮ್ಮೆ ಕುತ್ತಿಗೆವರೆಗೆ ಮುಳುಗಿ, ಲೋಕದಲ್ಲಿ ಯಾರಿಗೂ ಏನೂ ತಂದುಕೊಡಬೇಕಾಗಿಲ್ಲದ ಮುಖ ಮಾಡಿಕೊಂಡು ಕೂತಿತ್ತು. ನಾನು ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದೆ. ರಘು, "ಭಾವ, ಒಂದು ಫಿಲಂ ಉಳಿದಿದೆ, ನಿಂತ್ಕೊಳ್ಳಿ" ಎಂದ. ನಿಂತೆ.

ಮನೆಗೆ ಬಂದಾಗ ಸುಮಿತ್ರೆ, ಹೇಗಾಯ್ತು ಎಂದಳು. ಬೊಮ್ಮನಹಳ್ಳಿಯಿಂದ ಮುಂದಕ್ಕೆ ಹೋಗಲಿಲ್ಲ ಎಂದು ಹೇಳಿದೆ. ಹೇಳಿದೆ ಎಂದೇ ನನ್ನ ನೆನಪು. ಅವಳ ನೆನಪಿನಲ್ಲಿ ನಾನು ಮಾತಾಡದೆ ಮಲಗಿಬಿಟ್ಟೆನಂತೆ. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತಂತೆ, ಪುಳಿಯೋಗರೆ ಡಬ್ಬಿ ಖಾಲಿಯಾಗಿತ್ತಂತೆ. ಹೊರಟಿದ್ದು ಅವಳು ಕಂಡಿದ್ದಳು, ಆಮೇಲೆ ಫೋಟೋ ಬಂತು. ನಡುವಿನ ಬೊಮ್ಮನಹಳ್ಳಿಯನ್ನು ಮಡಿಸಿ ಒಳಗೆ ಹಾಕಿ ಎರಡು ತುದಿಗಳನ್ನು ಹೊಲಿದರೆ ಕನ್ಯಾಕುಮಾರಿ ಸಿದ್ಧ. ರಘು ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಇದು ಎಲ್ಲಿ ಎಂದು ಕೇಳಿದವರಿಗೆ ತಮಾಷೆಗೆ ಕನ್ಯಾಕುಮಾರಿ ಎಂದ. ಕೆಲವು ವರ್ಷಗಳಲ್ಲಿ ತಮಾಷೆ ಅವನಿಗೇ ಮರೆತುಹೋಯಿತು. ಮಾವನಂತೂ, ಕನ್ಯಾಕುಮಾರಿಯಿಂದ ನೇರ ಬಂದು ನಮ್ಮ ಶಾರದೆಯ ಶಾಸ್ತ್ರಕ್ಕೆ ನಿಂತ ಎಂದು ನನ್ನನ್ನು ಹರಸುತ್ತಾರೆ.

ಇವರೆಲ್ಲರಿಗಿಂತ ನನಗೆ ಸಿಟ್ಟು ಬರುವುದು ನನ್ನ ಮೇಲೆ. ಈಚೆಗೆ ಕಣ್ಣು ಮುಚ್ಚಿದರೆ ತುಟಿಯ ಮೇಲೆ ಉಪ್ಪಿನ ರುಚಿ ಬರುತ್ತದೆ. ಗಾಡಿಯ ಸ್ಟ್ಯಾಂಡು ಮರಳಿನಲ್ಲಿ ಹೂತುಹೋಗಿ ಕಲ್ಲು ಹುಡುಕಿ ಇಟ್ಟದ್ದು ನೆನಪಾಗುತ್ತದೆ. ಎಲ್ಲಿಯ ಮರಳು? ನನ್ನ ತಲೆಯೊಳಗೂ ಯಾರೋ ಬಾಡಿಗೆ ಇಲ್ಲದೆ ಸೇರಿಕೊಂಡು ಸಂಸಾರ ಹೂಡಿದ್ದಾರೆ.

ಸರಿ, ಭಾನುವಾರಕ್ಕೆ ಬರುತ್ತೇನೆ. ನಾನು ಇನ್ನೂ ಗಾಡಿ ಒರೆಸುತ್ತಿದ್ದಾಗ ಶ್ರೀಧರನೇ ಬಂದ. ಸುಮಿತ್ರೆ ಮೊದಲೇ ಹೇಳಿಕಳಿಸಿದ್ದಳು. ಒಳ್ಳೆಯ ಹುಡುಗ, ಅದು ಇನ್ನೊಂದು ತೊಂದರೆ. ಕೋಪಕ್ಕೆ ಹಿಡಿಯಾಗಲು ಒಂದು ಕೆಟ್ಟ ಗುಣವಾದರೂ ಬೇಕು. ಅವನು ಒಳಗೆ ಕೂತ. ಸುಮಿತ್ರೆ ಕಾಫಿ ತಂದಳು, ಕೈ ಅಭ್ಯಾಸದಿಂದ ಫೋಟೋ ಕಡೆ ಎದ್ದಿತು. "ಕನ್ಯಾಕುಮಾರಿಗೇ ಹೋಗಿಬಂದ ಗಾಡಿ, ಜೆ.ಪಿ. ನಗರಕ್ಕೆ ಓಡಲ್ವಾ?"

ನಾನು ಸ್ಟೂಲು ಹತ್ತಿದೆ. ಫೋಟೋ ಇಳಿಸಿದೆ. ಗಾಡಿ ಒರೆಸಿದ ಬಟ್ಟೆ ಕೈಯಲ್ಲೇ ಇತ್ತು. ಅಮ್ಮನ ಕುಂಕುಮವನ್ನು ಉಜ್ಜಿದೆ. ಅಮ್ಮ, ಅಯ್ಯೋ ಏನೋ ಇದು ಎಂದು ಎದ್ದು ಬಂದಳು. ಕುಂಕುಮ ಸುಲಭಕ್ಕೆ ಬಿಡಲಿಲ್ಲ. ಉಗುರಿನಿಂದ ಕೆರೆದೆ. ಕೆಳಗೆ ಮೊದಲು ಒಂದು ಕಿವಿ ಕಾಣಿಸಿತು, ಆಮೇಲೆ ಹಿಂದಕ್ಕೆ ಬಾಗಿದ ಒಂದು ಕೋಡು.

"ನೋಡಿ. ಕನ್ಯಾಕುಮಾರಿಯ ಬಂಡೆಗೆ ಕಿವಿ ಇದೆಯಾ?"

ಶ್ರೀಧರ ಬಗ್ಗಿ ನೋಡಿದ. ಎಮ್ಮೆ ಇದ್ದ ಹಾಗಿದೆ ಎಂದ. ಸುಮಿತ್ರೆ ಕನ್ನಡಕ ಹಾಕಿಕೊಂಡು ನೋಡಿದಳು. ಸೋಲೊಪ್ಪದೆ, ಅಲ್ಲಿನವರೂ ಎಮ್ಮೆ ಸಾಕ್ತಾರೇನೋ ಎಂದಳು. ಬೊಮ್ಮನಹಳ್ಳಿ, ಅಮಾವಾಸ್ಯೆ, ಹಾರ, ಎಲ್ಲವನ್ನೂ ನಾನು ಮತ್ತೆ ಹೇಳಿದೆ. ಹಾರದ ಮಾತಿಗೆ ಶ್ರೀಧರ ಕಾಫಿ ಲೋಟ ಕೆಳಗಿಟ್ಟ. "ನಂಗೆ ಜ್ಞಾಪಕ ಇದೆ ಭಾವ. ಹುಡುಗಿಗಿಂತ ಮೊದಲು ನಾನು ಗಾಡೀನೇ ನೋಡಿದ್ದು. ಯಾರದೋ ಏನೋ, ಪಾಪ ಕಟ್ಟಿಹಾಕಿದ್ದಾರೆ ಅನ್ನಿಸ್ತು." ಆಮೇಲೆ ಸುಮಿತ್ರೆಯ ಕಡೆ ತಿರುಗಿ, ತಾನು ಸ್ಕೂಟರಿಗೆ ಹೆಸರು ಬರೆಸಿದ್ದೇನೆ, ಈ ಗಾಡಿ ಬೇಡ ಎಂದ.

ಗೆದ್ದೆ ಎಂದುಕೊಂಡೆ. ಆದರೆ ಅಮ್ಮ ಫೋಟೋ ಬಿಟ್ಟಿರಲಿಲ್ಲ. ಸೆರಗಿನಿಂದ ಗಾಜು ಒರೆಸಿ, ಎಮ್ಮೆಯನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಎಮ್ಮೆಗೆ ಕೈಮುಗಿಸಿದೆಯಲ್ಲೋ ಎಂದು ಬೈಯುತ್ತಾಳೆ ಎಂದು ಕಾದೆ. ಅವಳು ಫೋಟೋ ಕೆಳಗಿಟ್ಟು ದೇವರಮನೆಗೆ ಹೋದಳು. ಪಾತ್ರೆಗಳು ಸರಿದ ಸದ್ದಾಯಿತು. ಬಂದಾಗ ಕೈಯಲ್ಲಿ ಆ ಗಿಂಡಿ ಇತ್ತು, ತಿರುಪಿನ ಮುಚ್ಚಳದ್ದು. ಅದು ಮನೆಯಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು.

"ಹಾಗಾದ್ರೆ ಅದಕ್ಕೇ ಇದು ಖಾಲಿ ಬಂದಿದ್ದು. ಅಷ್ಟು ದೂರ ಹೋಗಿ, ನೀರಿನ ಪಕ್ಕದಲ್ಲೇ ನಿಂತು, ನನ್ನ ಮಾತು ಮರೆತ ಅಂದ್ಕೊಂಡಿದ್ದೆ. ಕೇಳಿದ್ರೆ ನೀನು ನೊಂದ್ಕೊಳ್ತೀಯ ಅಂತ ಕೇಳಲಿಲ್ಲ."

ನಾನು ಬೈಯಲು ಇನ್ನು ಯಾರೂ ಉಳಿಯಲಿಲ್ಲ. ನಾನು ಹೋಗಲಿಲ್ಲವೆಂದು ಊರಿಗೆಲ್ಲ ಸಾರಿದೆ. ಆದರೆ ಹೋಗಿದ್ದೆ ಎಂಬ ಸುಳ್ಳು ಯಾರಿಗೆ ಚುಚ್ಚುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನನ್ನ ಮನೆಯಲ್ಲಿ ನನಗಿಂತ ಹೆಚ್ಚು ಕಾಲ ಸಿಟ್ಟನ್ನು ಇಟ್ಟುಕೊಂಡವಳು, ಅದನ್ನು ತೊಳೆದು ದೇವರ ಹಿಂದೆ ಜೋಪಾನವಾಗಿ ಇಟ್ಟಿದ್ದಳು.

ಅಮ್ಮ ಗಿಂಡಿಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದಳು. ಒಣಗಿದ ಮೇಲೆ ತಂದು ನನ್ನ ಮಡಿಲಿಗೆ ಇಟ್ಟಳು. "ಹೇಗೂ ಹೋಗ್ತೀಯಲ್ಲ."

ರಜೆಗೆ ಬರೆದುಕೊಟ್ಟಿದ್ದೇನೆ, ಮಂಜೂರಾಗಿದೆ. ಕ್ಯಾನ್ವಾಸು ಚೀಲಗಳಿಂದ ಈರುಳ್ಳಿ ಸಿಪ್ಪೆ ಕೊಡವಿದ್ದೇನೆ. ಈ ಸಲ ಹೊಸೂರು ರಸ್ತೆಯ ಸಹವಾಸ ಬೇಡ. ಕನಕಪುರ ರಸ್ತೆ ಹಿಡಿದು, ಕೊಳ್ಳೇಗಾಲ ದಾಟಿ, ಸತ್ಯಮಂಗಲದ ಕಾಡಿನ ದಾರಿಯಲ್ಲಿ ಇಳಿದುಬಿಡುತ್ತೇನೆ ಎಂದು ಬೀರುವಿನ ನಕ್ಷೆಯಲ್ಲಿ ಹೊಸ ಗೆರೆ ಎಳೆದೆ. ಸುಮಿತ್ರೆ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಕನಕಪುರದಲ್ಲಿ ರಘುವಿನ ಅತ್ತೆಮನೆ ಇದೆ, ಅವರಿಗೆ ಒಂದು ಕುಕ್ಕರು ಕೊಡುವುದಿತ್ತು ಎಂದಳು. ನಾನು ಬೀರುವಿನ ಬಾಗಿಲು ಮುಚ್ಚಿದೆ. ಆದರೆ ಕುಕ್ಕರು ಆಗಲೇ ಬಾಗಿಲ ಹತ್ತಿರ ಬಂದು ಕೂತಿದೆ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಮುಂದೆ ಎಂದಾದರೂ ನೀವು ನಮ್ಮ ಮನೆಗೆ ಬಂದರೆ ಕಾಫಿ ಸಿಗುತ್ತದೆ, ಕಥೆಯೂ ಸಿಗುತ್ತದೆ. ಫೋಟೋ ನೋಡಬೇಡಿ. ನನ್ನ ಮಾತನ್ನೂ ನಂಬಬೇಡಿ. ಅಮ್ಮನನ್ನು ಕೇಳಿ ಆ ಗಿಂಡಿಯನ್ನು ಕೈಗೆ ತೆಗೆದುಕೊಳ್ಳಿ, ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲುಗಾಡಿಸಿ.